ರಿಪೋರ್ಟ್ ಬರುವ ಮೊದಲೇ ಹೇಳಿಬಿಡುವುದು: ನನ್ನ ಅನುಭವ

ಬಾಯಿಹುಣ್ಣಿಗೆ ಬಯಾಪ್ಸಿ (ಪರೀಕ್ಷೆಗೆ ಕಳಿಸುವ ಹುಣ್ಣಿನ ಸಣ್ಣ ತುಂಡು) ತೆಗೆದ ದಿನವೇ ‘ಇದು ಕ್ಯಾನ್ಸರ್ ಇರಬಹುದು ಅಂತ ನನಗೆ ಅನುಮಾನ’ ಎಂದು ರೋಗಿಯ ಎದುರೇ ಹೇಳಲು ಶುರುಮಾಡಿ ಐದಾರು ವರ್ಷವಾಯಿತು. ಆಗ ಊರಿನ ಇಎನ್‌ಟಿ (ಕಿವಿ-ಮೂಗು-ಗಂಟಲು) ವೈದ್ಯ ಗೆಳೆಯರು ನಕ್ಕಿದ್ದರು. ‘ಪೇಷಂಟ್ ಎದ್ದು ಸೀದಾ ನಾಟಿ ಔಷಧಿಗೆ ಹೋಗ್ತಾನೆ, ನೋಡ್ತಿರಿ’ ಎಂದಿದ್ದರು. ಈಗ ಅವರಲ್ಲೇ ಕೆಲವರು ಇದನ್ನು ಮಾಡುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲಿನ ಪದ್ಧತಿ ನಿಮಗೆ ಗೊತ್ತೇ ಇದೆ. ‘ಏನಿಲ್ಲ, ಸುಮ್ನೆ ಒಂದು ಟೆಸ್ಟ್.’ ಏನಿಲ್ಲ ಅಂದಮೇಲೆ ಅವರು ಯಾಕೆ ವಾಪಸ್ ಬರಬೇಕು? ಅಡಿಕೆ ಕೊಯ್ಲು, ಮಗಳ ಮದುವೆ, ಬಸ್ ಚಾರ್ಜು. ಹತ್ತರಲ್ಲಿ ಮೂರು ಜನ ರಿಪೋರ್ಟಿಗೆ ಬರುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಬಿಟ್ಟು ಬಂದವರಲ್ಲಿ ಹುಣ್ಣು ದವಡೆ ಮೂಳೆಗೆ ಇಳಿದಿರುತ್ತಿತ್ತು. ಸಿಸ್ಟರ್ ಕೈಲಿ ಫೋನ್ ಮಾಡಿಸಿದೆ. ನಂಬರ್ ಅಳಿಯನದೋ, ಪಕ್ಕದ ಮನೆಯವರದೋ. ಲ್ಯಾಬ್ ದುಡ್ಡು ಅರ್ಧ ಈಗ, ಅರ್ಧ ರಿಪೋರ್ಟಿನ ದಿನ ಎಂದೂ ಮಾಡಿದೆ. ಬಾಕಿ ಕೊಡಬೇಕಲ್ಲ ಅಂತಲೇ ಜನ ತಪ್ಪಿಸಿಕೊಂಡರು! ಆ ವರ್ಷ ನನ್ನ ಜೇಬಿನಿಂದ ಹದಿನೈದು-ಇಪ್ಪತ್ತು ಸಾವಿರ ಹೋಗಿರಬೇಕು.

ನಡುವೆ ಟೊಲುಯಿಡಿನ್ ಬ್ಲೂ, ಅಂದರೆ ಅನುಮಾನದ ಜಾಗವನ್ನು ನೀಲಿಯಾಗಿ ತೋರಿಸುವ ಬಣ್ಣದ ಹುಚ್ಚು ಹಿಡಿಯಿತು. ಬಣ್ಣ ಹಚ್ಚಿ ಕನ್ನಡಿಯಲ್ಲಿ ತೋರಿಸಿದರೆ ನಂಬುತ್ತಾರೆ ಅಂತ. ಆದರೆ ಚೂಪು ಹಲ್ಲು ತಾಗಿ ಆದ ಹುಣ್ಣೂ ನೀಲಿಯಾಗಬಹುದು, ಅಲ್ವಾ? ಬಿಟ್ಟೆ. ನೀಲಿ ಕಲೆಯ ಬಿಳಿ ಕೋಟು ಮಾತ್ರ ಉಳಿಯಿತು.

ಈಗಲೂ ಎಲ್ಲರಿಗೂ ಹೇಳುವುದಿಲ್ಲ. ಗುಟ್ಕಾ ಅಭ್ಯಾಸ, ಮೂರು ವಾರ ದಾಟಿದ ಹುಣ್ಣು, ಗಟ್ಟಿ ಅಂಚು, ಕುತ್ತಿಗೆಯಲ್ಲಿ ಗಂಟು ಇದ್ದವರಿಗೆ ನೇರವಾಗಿ ಹೇಳುತ್ತೇನೆ. ಬರೀ ಬಿಳಿ ಮಚ್ಚೆಗೆ ಬೇರೆ ಮಾತು. ಶೇಕಡಾ ಲೆಕ್ಕ ಬೇಡ; ‘ಅನುಮಾನ ಜಾಸ್ತಿಯೇ ಇದೆ’ ಅಂದರೆ ಸಾಕು. ಅದರ ಬೆನ್ನಿಗೇ ಇನ್ನೊಂದು ಮಾತು: ‘ಈ ತುಂಡಿನಲ್ಲಿ ಇಲ್ಲ ಅಂತ ಬಂದರೂ ಮತ್ತೆ ತೆಗೆಯಬೇಕಾಗಬಹುದು.’ ಮೊದಲೇ ಹೇಳದಿದ್ದರೆ ಎರಡನೇ ಬಯಾಪ್ಸಿಗೆ ಯಾರೂ ಬಾಯಿ ತೆರೆಯುವುದಿಲ್ಲ. ಕತ್ತರಿ ತಾಗಿದರೆ ಹರಡುತ್ತದೆ ಅನ್ನುವ ಭಯ ಬೇರೆ.

ಕಾಯುವ ಆ ವಾರ-ಹತ್ತು ದಿನಕ್ಕೆ ಕೆಲಸ ಕೊಡುತ್ತೇನೆ. ರೇಷನ್ ಕಾರ್ಡ್, ಆಧಾರ್ ಹುಡುಕಿಡಿ ಅನ್ನುತ್ತೇನೆ. ಜನ ಮೊದಲು ಕೇಳುವುದು ದುಡ್ಡಿನ ವಿಷಯ, ಬದುಕು-ಸಾವು ಆಮೇಲೆ. ಬಿಪಿಎಲ್ ಕುಟುಂಬಕ್ಕೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ ಅಂದರೆ ಮುಖ ಸ್ವಲ್ಪ ಸಡಿಲವಾಗುತ್ತದೆ. ಕೆಲವರಂತೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡಲು ಬ್ಯಾಗ್ ತುಂಬಿಕೊಂಡೇ ರಿಪೋರ್ಟಿಗೆ ಬರುತ್ತಾರೆ.

ಹೊರಗೆ ಮಗ ತಡೆದು ‘ಅಪ್ಪಂಗೆ ಹೇಳ್ಬೇಡಿ ಸಾರ್’ ಅಂದಾಗ ನಾನು ಏನು ಹೇಳುತ್ತೇನೆ? ಅದು ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಕೊಡುತ್ತೇನೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಯಾರು ಅಂತ ಕೇಳಿ ನೋಡಿ.

ಹೀಗೆ ಹೇಳಲು ಶುರುಮಾಡಿದ ಮೊದಲ ಐದಾರು ತಿಂಗಳು ಓಪಿಡಿಗೆ (ಹೊರರೋಗಿ ವಿಭಾಗ) ಬರುವವರು ಕಡಿಮೆಯಾದರು, ನಿಜ. ಈಗ ರಿಪೋರ್ಟಿಗೆ ಬರದವರು ಹತ್ತರಲ್ಲಿ ಒಬ್ಬರು ಇರಬಹುದು, ಅಷ್ಟೇ. ಶನಿವಾರ ಮಾತ್ರ ಬಯಾಪ್ಸಿ ಇಟ್ಟುಕೊಳ್ಳುವುದಿಲ್ಲ. ಪ್ರಶ್ನೆಗಳೆಲ್ಲ ಹುಟ್ಟುವುದು ಮನೆಗೆ ಹೋದಮೇಲೆ; ಭಾನುವಾರ ಕ್ಲಿನಿಕ್ ಬಾಗಿಲು ಹಾಕಿರುತ್ತದೆ.