ಬೇರೆ ಕೋಣೆಯಿಲ್ಲದ ಮನೆಯಲ್ಲಿ ಫ್ಲೂ ರೋಗಿಯ ಆರೈಕೆ

ಕೋವಿಡ್ ಇರಲಿ, ಎಚ್‌1ಎನ್‌1 (ಹಂದಿಜ್ವರವೆಂದು ಕರೆಯುವ ಫ್ಲೂ) ಇರಲಿ, ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿ ಎಂಬುದೇ ಆರೋಗ್ಯ ಇಲಾಖೆಯ ಮೊದಲ ಮಾತು. ಒಂದು ಹಾಲ್, ಒಂದು ಅಡುಗೆಮನೆ, ವಠಾರಕ್ಕೆಲ್ಲ ಸೇರಿ ಎರಡು ಕಕ್ಕಸು ಇರುವ ಕಡೆ ಆ ಕೋಣೆಯನ್ನು ಎಲ್ಲಿಂದ ತರುವುದು? ಅಂಥ ಮನೆಗಳಲ್ಲಿ ಗೋಡೆ ಮಾಡುವ ಕೆಲಸವನ್ನು ಗಾಳಿಯಿಂದ ಮಾಡಿಸಬೇಕು.

ಕೆಮ್ಮಿದಾಗ, ಮಾತಾಡಿದಾಗ, ಬರೀ ಉಸಿರಾಡಿದಾಗಲೂ ಹೊರಬೀಳುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಮೊದಲು ಮನೆಯ ಗಾಳಿ ಎತ್ತ ಹರಿಯುತ್ತದೆ ನೋಡಿಕೊಳ್ಳಿ. ಕಿಟಕಿ, ಬಾಗಿಲು ತೆರೆದು, ಫ್ಯಾನ್ ನಿಲ್ಲಿಸಿ, ಊದುಬತ್ತಿ ಹಚ್ಚಿ ಹಾಲ್‌ನ ನಡುವೆ ಹಿಡಿಯಿರಿ. ಹೊಗೆ ಯಾವ ಕಿಟಕಿಯತ್ತ ಬಾಗುತ್ತದೋ ಅದರ ಕೆಳಗೆ ರೋಗಿಯ ಹಾಸಿಗೆ. ಮಿಕ್ಕವರು ಗಾಳಿ ಒಳಬರುವ ಕಡೆ. (ಹೊಗೆ ಕೆಮ್ಮು ಕೆರಳಿಸುತ್ತದೆ, ನೋಡಿಯಾದ ಕೂಡಲೇ ಬತ್ತಿ ಆರಿಸಿ.) ಗಾಳಿ ಆಡುವುದೇ ಇಲ್ಲವಾದರೆ ಟೇಬಲ್ ಫ್ಯಾನನ್ನು ಆ ಕಿಟಕಿಗೆ ಮುಖ ಮಾಡಿ ಇಡಿ, ಗಾಳಿಯನ್ನು ಹೊರಗೆ ತಳ್ಳುವ ಹಾಗೆ. ಸೆಕೆಯೆಂದು ರೋಗಿಯ ಮೇಲೆ ಬೀಸುವಂತೆ ಇಟ್ಟರೆ ಅವರ ಉಸಿರು ಮನೆಯೆಲ್ಲ ಹರಡುತ್ತದೆ. ಕಿಟಕಿ ಮುಚ್ಚಿದ್ದಾಗ ಸೀಲಿಂಗ್ ಫ್ಯಾನ್ ಇದ್ದ ಗಾಳಿಯನ್ನೇ ಕಲಕುತ್ತದೆ ಅಷ್ಟೆ, ಸ್ಪ್ಲಿಟ್ ಏಸಿಯೂ ಹಾಗೆಯೇ. ಸೊಳ್ಳೆ ಬರುತ್ತದೆಂದು ಸಂಜೆ ಕಿಟಕಿ ಹಾಕಬೇಡಿ, ಸೊಳ್ಳೆಪರದೆ ಕಟ್ಟಿ. ಮಲಗುವಾಗ ನಡುವೆ ಆರಡಿ ಬಿಡಿ. ಅಷ್ಟು ಜಾಗವಿಲ್ಲದಿದ್ದರೆ ಒಬ್ಬರ ತಲೆ ಇನ್ನೊಬ್ಬರ ಕಾಲಿನ ಕಡೆ ಬರಲಿ.

ಅಜ್ಜಿಯನ್ನೋ ಬಸುರಿ ಸೊಸೆಯನ್ನೋ ತಕ್ಷಣ ಊರಿಗೆ ಕಳಿಸುವ ಯೋಚನೆ ಬೇಡ. ಫ್ಲೂ ತಗುಲಿ ಜ್ವರ ಕಾಣಿಸಲು 1ರಿಂದ 4 ದಿನ ಬೇಕು, ಲಕ್ಷಣ ಶುರುವಾಗುವ ಸುಮಾರು ಒಂದು ದಿನ ಮೊದಲೇ ಸೋಂಕು ಹರಡತೊಡಗಿರುತ್ತದೆ. ಅವರ ಜೊತೆಗೆ ಅದೂ ಬಸ್ಸು ಹತ್ತಿರಬಹುದು.

ಆರೈಕೆಗೆ ಒಬ್ಬರೇ ಇರಲಿ, ಹತ್ತಿರ ಹೋಗುವಾಗ ಎನ್‌95 ಹಾಕಲಿ. ಹಾಕಿಕೊಂಡು ಜೋರಾಗಿ ಉಸಿರು ಬಿಟ್ಟು ನೋಡಿ: ಕನ್ನಡಕ ಮಂಜಾದರೆ ಮೂಗಿನ ಪಟ್ಟಿ ಸರಿಯಾಗಿ ಕೂತಿಲ್ಲ. ವಾಲ್ವ್ ಇರುವ ಮಾಸ್ಕನ್ನು ರೋಗಿಗೆ ಕೊಡಬೇಡಿ. ಬಿಟ್ಟ ಉಸಿರು ಅದರಲ್ಲಿ ಸೋಸದೆ ಹೊರಬರುತ್ತದೆ. ಕಕ್ಕಸಿಗೆ ರೋಗಿ ಎಲ್ಲರದೂ ಆದ ಮೇಲೆ ಮಾಸ್ಕ್ ಹಾಕಿ ಹೋಗಲಿ, ಆಮೇಲೆ ಅರ್ಧ ಗಂಟೆ ಅದರ ಕಿಟಕಿ ತೆರೆದಿರಲಿ.

ನೆಲ ತೊಳೆಯುವುದರಲ್ಲಿ ಜನ ಸವೆಸುವ ಶ್ರಮದಲ್ಲಿ ಅರ್ಧ ಸಾಕು. ಬೀದಿಗೆ ಔಷಧ ಸಿಂಪಡಿಸುವುದರಿಂದ ಪ್ರಯೋಜನವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಚಿಲಕ, ನಲ್ಲಿ, ಸ್ವಿಚ್ಚು, ಮೊಬೈಲು ಒರೆಸಿದರೆ ಆಯಿತು. ಚಿಲಕ, ನಲ್ಲಿಗೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯಾದ ನೀರನ್ನು ಬಳಸಿ; ಸ್ವಿಚ್ಚು, ಮೊಬೈಲಿಗೆ ಸ್ಯಾನಿಟೈಸರ್ ಹಾಕಿದ ಬಟ್ಟೆ. ಬ್ಲೀಚಿಂಗ್ ನೀರನ್ನು ದಿನಾ ಹೊಸದಾಗಿ ಮಾಡಿ, ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಜೊತೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಜೀವಕ್ಕೇ ಅಪಾಯ.

ಜ್ವರಕ್ಕೆ ದೊಡ್ಡವರಿಗೆ 650 ಮಿ.ಗ್ರಾಂ ಪ್ಯಾರಾಸಿಟಮಾಲ್, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಇಲ್ಲಿ ಆಗುವ ಎಡವಟ್ಟು ಒಂದೇ ಬಗೆಯದು: ಅಂಗಡಿಯಲ್ಲಿ ಕೊಡುವ ಶೀತದ ಮಾತ್ರೆಗಳಲ್ಲಿ ಬಹುಪಾಲು ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಎರಡನ್ನೂ ನುಂಗಿದರೆ ಡೋಸ್ ಇಮ್ಮಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಆ್ಯಂಟಿಬಯೋಟಿಕ್ ವೈರಸ್ಸಿಗೆ ಕೆಲಸ ಮಾಡುವುದಿಲ್ಲ. ಸ್ಟಿರಾಯ್ಡ್ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ. 2021ರಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಕಾಯಿಲೆಯಿದ್ದು ಸ್ಟಿರಾಯ್ಡ್ ತೆಗೆದುಕೊಂಡವರನ್ನು. ಹಬೆಯಿಂದ ವೈರಸ್ ಸಾಯುವುದಿಲ್ಲ, ಕುದಿನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುತ್ತಾರೆ.

ಎಚ್‌1ಎನ್‌1ಗೆ 2009ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಮನೆಯವರಿಗೆ ಇದರಷ್ಟು ಉಪಯೋಗದ ಪಟ್ಟಿ ಬೇರೆ ಇಲ್ಲ. ಸಣ್ಣ ಜ್ವರ, ಕೆಮ್ಮು, ಮೈಕೈ ನೋವು ಎ: ಮನೆಯಲ್ಲೇ ಇರಿ, ಪರೀಕ್ಷೆ ಬೇಕಿಲ್ಲ. ಜೋರು ಜ್ವರ, ಗಂಟಲು ನೋವು ಬಿ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಸಕ್ಕರೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯವರು ಸಣ್ಣ ಜ್ವರವಿದ್ದರೂ ಬಿ ಎಂದೇ ಲೆಕ್ಕ. ಇವರನ್ನು ಮೊದಲ 48 ಗಂಟೆಯೊಳಗೆ ವೈದ್ಯರಿಗೆ ತೋರಿಸಿ, ಫ್ಲೂ ವೈರಸ್ಸಿಗೆ ಕೊಡುವ ಔಷಧ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಆಗ. ಉಸಿರಾಟಕ್ಕೆ ಕಷ್ಟ, ಎದೆನೋವು, ಕಫದಲ್ಲಿ ರಕ್ತ, ಮಂಪರು, ಉಗುರು ನೀಲಿಯಾಗುವುದು ಸಿ: 108ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ಮಕ್ಕಳ ಉಸಿರು ಎಣಿಸುವುದನ್ನು ಕಲಿತುಕೊಳ್ಳಿ. ಮಗು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟು, ಹೊಟ್ಟೆ ಏರುವುದನ್ನು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅಂದೇ ಆಸ್ಪತ್ರೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೇದಿಕೊಂಡರೆ ಎಣಿಸುತ್ತ ಕೂರಬೇಡಿ, ಹೊರಡಿ. ದೊಡ್ಡವರಲ್ಲಿ 24 ದಾಟಬಾರದು.

ಬೆರಳಿಗೆ ಹಾಕಿ ರಕ್ತದ ಆಮ್ಲಜನಕದ ಪ್ರಮಾಣ ನೋಡುವ ಆಕ್ಸಿಮೀಟರ್ ಇದ್ದರೆ ಐದು ನಿಮಿಷ ಸುಮ್ಮನೆ ಕೂತು, ಬೆರಳಿನ ಮದರಂಗಿ, ನೈಲ್ ಪಾಲಿಶ್ ತೆಗೆದು, ಕೈ ಬೆಚ್ಚಗೆ ಮಾಡಿ ಮೂರು ಸಲ ನೋಡಿ. ಮೂರು ಸಲವೂ ಶೇ 93 ಅಥವಾ ಕಡಿಮೆ ಬಂದರೆ ಆಸ್ಪತ್ರೆಗೆ ಹೋಗಿ. ಕಪ್ಪು ಮೈಬಣ್ಣದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. ಅಂಕಿ ಚೆನ್ನಾಗಿದ್ದೂ ಮೇಲುಸಿರು ಬರುತ್ತಿದ್ದರೆ ಉಸಿರನ್ನೇ ನಂಬಿ.

ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ, ಮೈಯೂ ಹಗುರಾಗಿದ್ದರೆ, ಶಾಲೆಗೆ, ಕೆಲಸಕ್ಕೆ ಮಾಸ್ಕ್ ಹಾಕಿಕೊಂಡು ಹೋಗಬಹುದು. ಕೆಮ್ಮು ಎರಡು ಮೂರು ವಾರ ಎಳೆದರೆ ಗಾಬರಿ ಬೇಡ. ಬಿಟ್ಟ ಜ್ವರ ಎರಡು ದಿನದ ಮೇಲೆ ಮತ್ತೆ ಏರಿದರೆ ಮಾತ್ರ ನ್ಯುಮೋನಿಯಾ ಇರಬಹುದು, ಅಂದೇ ವೈದ್ಯರಿಗೆ ತೋರಿಸಿ.