ಅತ್ತೆಯ ಫೋಟೋಗೆ ಗೋಣಿಚೀಲದ ನೇಯ್ಗೆ

ಸಾಗರದ ಕಡೆಯ ನಮ್ಮ ಹಳೇ ಮನೆಯಲ್ಲಿ ಸೋದರತ್ತೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಎಡಗಡೆ ಕಿಟಕಿಯ ಬೆಳಕು. ಫೋಟೋವನ್ನು ಕಪ್ಪುಬಿಳುಪು ಮಾಡಿದಾಗ ಮುಖವೇನೋ ಚೆನ್ನಾಗಿ ಬಂತು, ಹೊಸದಾಗಿ ಪೇಂಟ್ ಹೊಡೆದ ಹಿಂದಿನ ಗೋಡೆ ಬೋಳುಬೋಳಾಗಿ ಕಂಡಿತು. ಅದಕ್ಕೆ ಟೆಕ್ಸ್ಚರ್, ಅಂದರೆ ಮೇಲ್ಮೈಯ ಒರಟು, ಕೊಟ್ಟಿದ್ದು ಅಲ್ಲೇ ಮೂಲೆಯಲ್ಲಿದ್ದ ಗೋಣಿಚೀಲ. ಯಾವುದೋ ಊರಿನ ಬಿರುಕು ಗೋಡೆಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಡಿ. ಆ ಜಾಗದ ವಸ್ತುವೇ ಆ ಚಿತ್ರಕ್ಕೆ ಒಪ್ಪುತ್ತದೆ.

ಚೀಲವನ್ನು ಸುಕ್ಕಿಲ್ಲದೆ ನೆಲಕ್ಕೆ ಹರಡಿ. ಬೆಳಗಿನ ಓರೆ ಬಿಸಿಲಿನಲ್ಲಿ, ನೇರ ಮೇಲಿನಿಂದ, ಲೆನ್ಸಿನ ತೆರಪು (ಅಪರ್ಚರ್) ಎಫ್/8 ಇಟ್ಟು ತೆಗೆಯಿರಿ. ಫ್ಲ್ಯಾಶ್ ಬೇಡ. ಎಳೆಗಳ ನೆರಳು ಬೀಳದಿದ್ದರೆ ನೇಯ್ಗೆ ಕಾಣುವುದೇ ಇಲ್ಲ.

ಫೋಟೋ ತಿದ್ದಲು ನಾನು ಬಳಸುವುದು ಗಿಂಪ್ ಎಂಬ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಕಪ್ಪುಬಿಳುಪಿಗೆ ಕೆಂಪು, ಹಸಿರು, ನೀಲಿಯ ಪಾಲನ್ನು ಬೇಕಾದಂತೆ ಬೆರೆಸುವ ಅದರ ಮೋನೋ ಮಿಕ್ಸರ್ ಒಳ್ಳೆಯದು. ಕೆಂಪು ಜಾಸ್ತಿ ಮಾಡಿದರೆ ಚರ್ಮ ನುಣುಪಾಗುತ್ತದೆ. ನನಗೆ ಅತ್ತೆಯ ಸುಕ್ಕುಗಳು ಬೇಕಿದ್ದವು, ಹಾಗಾಗಿ ಹಸಿರು ಏರಿಸಿದೆ.

ಈಗ ಗೋಣಿಯ ಫೋಟೋವನ್ನು 'ಓಪನ್ ಆ್ಯಸ್ ಲೇಯರ್ಸ್'ನಿಂದ ಅತ್ತೆಯ ಫೋಟೋದ ಮೇಲೆ ಇನ್ನೊಂದು ಪದರವಾಗಿ (ಲೇಯರ್) ತಂದು, ಬಣ್ಣ ತೆಗೆದು, ಅದು ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, ಅಂದರೆ ಮೋಡ್ ಅನ್ನು, 'ಸಾಫ್ಟ್ ಲೈಟ್'ಗೆ ಇಡಿ. ಇಲ್ಲೇ ತುಂಬಾ ಜನ ಎಡವುವುದು. ಈ ಮೋಡಿನಲ್ಲಿ ನಡುಬೂದು ಕೆಳಗಿನ ಚಿತ್ರವನ್ನು ಬದಲಿಸುವುದಿಲ್ಲ. ಅದಕ್ಕಿಂತ ತಿಳಿಯಾದದ್ದು ಬೆಳಗಿಸುತ್ತದೆ, ಗಾಢವಾದದ್ದು ಕಪ್ಪಾಗಿಸುತ್ತದೆ. ಗೋಣಿಯ ಬಣ್ಣ ಮೊದಲೇ ಗಾಢ, ಅಲ್ವಾ? ಹಾಗೇ ಇಟ್ಟರೆ ಇಡೀ ಚಿತ್ರ ಮಂಕಾಗುತ್ತದೆ. ಬೆಳಕು ತಿದ್ದುವ ಲೆವೆಲ್ಸ್‌ನ ನಡುವಿನ ಗುರುತನ್ನು ಎಡಕ್ಕೆ ಸರಿಸುತ್ತಾ, ಹಿಸ್ಟೋಗ್ರಾಮಿನ (ಬೆಳಕಿನ ಹಂಚಿಕೆಯ ನಕ್ಷೆ) ಸರಾಸರಿ 128ರ, ಅಂದರೆ 0ಯಿಂದ 255ರ ನಡುವಿನ ನಡುಬೂದಿನ, ಆಸುಪಾಸಿಗೆ ಬರುವವರೆಗೆ ತಿಳಿ ಮಾಡಿ. ಆಮೇಲೆ ಲೇಯರಿನ ಒಪಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಎಂಬುದು) ಶೇಕಡಾ 35ರ ಹತ್ತಿರ ಸಾಕು.

ಬೆಳಕಿನ ದಿಕ್ಕನ್ನೂ ನೋಡಿ. ನನ್ನ ಗೋಣಿಗೆ ಬಿಸಿಲು ಬಲದಿಂದ ಬಿದ್ದಿತ್ತು, ಅತ್ತೆಗೆ ಎಡದಿಂದ. ಏನೋ ಸರಿಯಿಲ್ಲ ಅನಿಸುತ್ತಿತ್ತು, ಕಾರಣ ಹೊಳೆಯಲು ಒಂದು ಸಂಜೆಯೇ ಬೇಕಾಯಿತು. ಗೋಣಿಯ ಲೇಯರನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿದ ಮೇಲೆ ನೇಯ್ಗೆ ಗೋಡೆಗೆ ಕೂತಿತು.

ಪ್ರಿಂಟ್ ಹಾಕಿಸುವುದಾದರೆ 8×10 ಇಂಚಿಗೆ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ, 2400×3000 ಪಿಕ್ಸೆಲ್ ಬೇಕು. ಗೋಣಿಯ ಫೋಟೋವೂ ಅಷ್ಟು ದೊಡ್ಡದಿರಲಿ. ಚಿಕ್ಕದನ್ನು ಹಿಗ್ಗಿಸಿದರೆ ಎಳೆಗಳು ಹಗ್ಗದಷ್ಟು ದಪ್ಪ ಕಾಣುತ್ತವೆ.

ಕೊನೆಗೆ ಗೋಣಿಯ ಲೇಯರಿಗೆ ಬಿಳಿ ಮಾಸ್ಕ್ ಸೇರಿಸಿ (ಅದರಲ್ಲಿ ಕಪ್ಪು ಬಳಿದ ಕಡೆ ಗೋಣಿ ಮರೆಯಾಗುತ್ತದೆ), ಮೃದು ಬ್ರಷ್‌ನಿಂದ ಮುಖದ ಮೇಲೆ ಕಪ್ಪು ಬಳಿಯಿರಿ. ಬ್ರಷ್ಷಿನ ಒಪಾಸಿಟಿ 30 ಇಟ್ಟು, ಒಂದರ ಮೇಲೊಂದು ಸಲ. ಕಣ್ಣುಗಳ ಮೇಲೆ ಒಂದು ಎಳೆಯೂ ಉಳಿಯಬಾರದು. ಕೈಗಳನ್ನು ಮಾತ್ರ ನಾನು ಅರ್ಧಕ್ಕೇ ಬಿಟ್ಟೆ. ಅಡಿಕೆಯ ಚೊಗರು ಹತ್ತಿದ ಆ ಬೆರಳುಗಳ ಮೇಲೆ ಗೋಣಿಯ ಎಳೆ ಸಣ್ಣಗೆ ಕಾಣುತ್ತದೆ.