ಕೀಬೋರ್ಡ್ ಬದಿಗೆ ಸರಿಸಿ ಬರೆದದ್ದು

ಕೈಬರಹ ಕೆಟ್ಟಿದೆ ಅನ್ನುವವರಲ್ಲಿ ಹೆಚ್ಚಿನವರು ಅಕ್ಷರ ಚೆಂದವಿಲ್ಲ ಎಂದು ಕೊರಗುತ್ತಾರೆ. ನನ್ನ ತೊಂದರೆ ಅಕ್ಷರದ ಚೆಂದದ್ದಾಗಿರಲಿಲ್ಲ. ನಾನು ಬರೆದದ್ದನ್ನು ಇನ್ನೊಬ್ಬರು ಓದಿ ಟೈಪ್ ಮಾಡಬೇಕು, ಅವರಿಗೆ ಓದಲು ಆಗುತ್ತಿರಲಿಲ್ಲ. ಕರಡು ತಿದ್ದುವುದು ನನ್ನ ಕೆಲಸ. ಈಗ ಬಹುಪಾಲು ಪರದೆಯ ಮೇಲೇ ಮುಗಿಯುತ್ತದೆ. ಆದರೂ ಕೊನೆಯ ಕರಡನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಅಂಚಿನಲ್ಲಿ ನಾನು ಗೀಚಿದ ಸೇರ್ಪಡೆಗಳನ್ನು ಹಿಡಿದುಕೊಂಡು ಡಿಟಿಪಿ ಮಾಡುವ ಹುಡುಗ ಫೋನ್ ಮಾಡುತ್ತಿದ್ದ. “ಮೇಡಂ, ‘ಅವರ ದುಡ್ಡಿಗೆ ನಾಮ ಹಾಕಿದ ದುಡ್ಡೂ ಸೇರಿತು’ ಅಂತಿದೆ. ಹಾಗೇ ಹಾಕಲಾ?” ಅದು ‘ನಾವು’ ಕಣಪ್ಪಾ, ನಾವು ಹಾಕಿದ ದುಡ್ಡು.

ಇಂಥ ಕರೆಗಳು ಹೆಚ್ಚಾದಾಗ ಕಾಪಿ ಪುಸ್ತಕ ತಂದು ಅ ಆ ಇ ಈಯಿಂದ ತಿದ್ದು ಎಂದು ಸಲಹೆ ಕೊಟ್ಟವರಿದ್ದರು. ಸುಮಾರು ಐವತ್ತು ಅಕ್ಷರ, ಅವುಗಳ ಕಾಗುಣಿತ, ಒತ್ತು ಎಲ್ಲವನ್ನೂ ಮತ್ತೆ ತಿದ್ದುವಷ್ಟು ತಾಳ್ಮೆ ನನಗಿಲ್ಲ. ಅದರ ಬದಲು ಹಳೆಯ ನೋಟ್‌ಪುಸ್ತಕಗಳನ್ನು ಹರವಿಕೊಂಡು ಕೂತೆ. ಸಂದರ್ಭವೇ ಮರೆತುಹೋಗುವಷ್ಟು ಹಳೆಯವಾಗಬೇಕು, ಯಾಕೆಂದರೆ ನಿನ್ನೆ ಬರೆದದ್ದನ್ನು ಕಣ್ಣು ಓದುವುದಿಲ್ಲ, ನೆನಪು ಓದುತ್ತದೆ. ತಡವರಿಸಿದ ಪದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತ ಹೋದೆ. ಪುಟವೆಲ್ಲ ಕೆಂಪಾಗುತ್ತದೆ ಅಂದುಕೊಂಡಿದ್ದರೆ ಹಾಗಾಗಲಿಲ್ಲ. ಸುತ್ತು ಬಿದ್ದ ಪದಗಳಲ್ಲೆಲ್ಲ ಮತ್ತೆ ಮತ್ತೆ ಅವೇ ನಾಲ್ಕೈದು ಅಕ್ಷರ. ಉಳಿದವು ಸೊಟ್ಟಗಿದ್ದರೂ ಓದಲು ಬರುತ್ತಿದ್ದವು. ಸೊಟ್ಟಗಿದ್ದರೆ ಇರಲಿ ಎಂದು ಅವನ್ನು ಅಲ್ಲಿಗೇ ಬಿಟ್ಟೆ.

ಮೊದಲ ಅಪರಾಧಿ ತಲೆಕಟ್ಟು. ಅವಸರದಲ್ಲಿ ಬರೆಯುವಾಗ ನನ್ನ ಕೈ ಮೊದಲು ಬಿಡುವುದು ಅದನ್ನೇ. ‘ಕ’, ‘ತ’ಗಳಿಗೆ ತಲೆಕಟ್ಟಿಲ್ಲದಿದ್ದರೂ ಗುರುತು ಸಿಗುತ್ತದೆ. ‘ರ’ಕ್ಕೆ ಹೋದರೆ ಮಾತ್ರ ಉಳಿಯುವುದು ಬರೀ ಸೊನ್ನೆ. ಆಗ ‘ಮರದ ಬಣ್ಣ’ ಹೋಗಿ ‘ಮಂದ ಬಣ್ಣ’ ಆಗುತ್ತದೆ. ಎರಡೂ ಅರ್ಥವುಳ್ಳ ಮಾತೇ ಆದ್ದರಿಂದ ಓದುವವರಿಗೆ ಅನುಮಾನವೂ ಬರುವುದಿಲ್ಲ. ಓದಲಾಗದ ಪದಕ್ಕಿಂತ ತಪ್ಪಾಗಿ ಓದಿಸಿಕೊಳ್ಳುವ ಪದ ಹೆಚ್ಚು ಅಪಾಯ. ಓದಲಾಗದಿದ್ದರೆ ಕೇಳುತ್ತಾರೆ, ಇಲ್ಲದಿದ್ದರೆ ಹಾಗೇ ಅಚ್ಚಾಗುತ್ತದೆ.

ಎರಡನೆಯದು ದ, ಧ, ಥ. ಇವುಗಳ ಮೈ ಒಂದೇ. ‘ಧ’ಕ್ಕೆ ಅಡಿಯಲ್ಲಿ ಸೀಳು, ‘ಥ’ಕ್ಕೆ ಒಳಗೊಂದು ಚುಕ್ಕೆ, ಅಷ್ಟೇ ವ್ಯತ್ಯಾಸ. ಸೀಳು ಬಿಟ್ಟರೆ ‘ಮಧ್ಯ’ಕ್ಕೆ ಹೋಗಬೇಕಾದವರು ‘ಮದ್ಯ’ಕ್ಕೆ ಹೋಗುತ್ತಾರೆ, ಚುಕ್ಕೆ ಬಿಟ್ಟರೆ ‘ಪಥ್ಯ’ ಮಾಡಬೇಕಾದವರು ‘ಪದ್ಯ’ ಮಾಡುತ್ತಾರೆ. ಪ ಮತ್ತು ಷಗಳದ್ದೂ ಇದೇ ಕತೆ. ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಎಂದು ಹೇಳಿಕೊಡುತ್ತಿದ್ದದ್ದು ಸುಮ್ಮನೆ ಅಲ್ಲ.

ಮೂರನೆಯದು ನನ್ನ ‘ನಾವು–ನಾಮ’. ‘ವ’ಕ್ಕೆ ಕೊಂಬು ಕೊಡುವಾಗ ಅದು ಸಾಲಿನಿಂದ ಸ್ವಲ್ಪ ಕೆಳಗಿಳಿದು ಮೇಲೇಳಬೇಕು. ಇಳಿಯದೆ ಪಕ್ಕದಲ್ಲೇ ಎದ್ದರೆ ಅದು ‘ಮ’. ನನ್ನ ಕೊಂಬುಗಳೆಲ್ಲ ಸೋಮಾರಿಗಳು, ಯಾವುದೂ ಇಳಿಯುತ್ತಿರಲಿಲ್ಲ. ಈ ಒಂದನ್ನು ಸರಿಪಡಿಸಿದ್ದಕ್ಕೆ ಸಿಕ್ಕ ಲಾಭ ಬೇರೆ ಯಾವುದರಲ್ಲೂ ಸಿಗಲಿಲ್ಲ. ಕನ್ನಡದಲ್ಲಿ ‘ವು’ ಎಷ್ಟು ಸಲ ಬರುತ್ತದೆ ನೋಡಿ: ಅವು, ಇವು, ಹಲವು, ಕೆಲವು, ನೀವು.

ಕೀಬೋರ್ಡಿನಿಂದ ನೇರವಾಗಿ ಬಂದ ರೋಗವೂ ಒಂದಿತ್ತು. ಅದನ್ನು ಗುರುತಿಸಲು ನನಗೆ ಬಹಳ ಕಾಲ ಹಿಡಿಯಿತು. ಟೈಪ್ ಮಾಡುವಾಗ ‘ಧರ್ಮ’ಕ್ಕೆ ಮೊದಲು ರ, ಆಮೇಲೆ ಒತ್ತಿನ ಕೀಲಿ, ಆಮೇಲೆ ಮ. ಕೈಯಲ್ಲಾದರೆ ಮ ಮೊದಲು, ಅರ್ಕಾವತ್ತು ಅದರ ಬೆನ್ನಿಗೆ. ‘ಪ್ರೀತಿ’ಯಲ್ಲೂ ಹಾಗೆಯೇ: ಕೈ ಮೊದಲು ‘ಪಿ’ ಬರೆದು, ರ ಒತ್ತನ್ನು ಎಳೆದು, ಕೊನೆಗೆ ದೀರ್ಘ ಕೊಡುತ್ತದೆ. ಕೀಲಿಮಣೆಗೆ ಪ, ಒತ್ತು, ರ ಎಲ್ಲ ಆದಮೇಲೇ ಸ್ವರ. ವರ್ಷಗಟ್ಟಲೆ ಟೈಪ್ ಮಾಡಿದ ಮೇಲೆ ನನ್ನ ಕೈ ಈ ಎರಡು ಕ್ರಮಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅರ್ಕಾವತ್ತು ಬರುವ ಪದದಲ್ಲಿ ರ ಬರೆಯಲು ಹೊರಟು, ಅರ್ಧಕ್ಕೆ ನಿಲ್ಲಿಸಿ, ಅದರ ಮೇಲೇ ಮ ಎಳೆಯುವುದು. ನೋಟ್‌ಪುಸ್ತಕದ ಕಪ್ಪು ಉಂಡೆಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವು. ರೋಮನ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರಿಗೆ ಇದು ಇನ್ನೂ ಹೆಚ್ಚು ಕಾಡೀತು, ಅವರ ಬೆರಳಿಗೆ ಕನ್ನಡದ ಆಕಾರವೇ ತಾಕುವುದಿಲ್ಲವಲ್ಲ. ಇದಕ್ಕೆ ಬೇರೆ ಮದ್ದೇನೂ ಸಿಗಲಿಲ್ಲ. ಕಾರ್ಯ, ವರ್ಷ, ಅರ್ಥ, ಮಾರ್ಗ ಎಂಬಂಥ ಪದಗಳು ಬಂದಾಗ ವೇಗ ತಗ್ಗಿಸಿದೆ, ಮರೆತ ಕ್ರಮ ಕೈಗೆ ತಾನಾಗಿ ಮರಳಿತು.

ಕೈಬರಹ ಸುಧಾರಿಸುವ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಇಂಗ್ಲಿಷಿನ ಕರ್ಸಿವ್ ಕೂಡುಬರಹಕ್ಕೆ ಹೇಳಿದ ಮಾತು. ಒಂದೇ ಕೋನದಲ್ಲಿ ಓರೆಯಾಗಿಸಿ, ಪೆನ್ನೆತ್ತದೆ ಬರೆಯಿರಿ, ಹೀಗೆ. ಕನ್ನಡದ ಅಕ್ಷರ ದುಂಡು, ಪ್ರತಿ ಅಕ್ಷರಕ್ಕೂ ಪೆನ್ನು ಏಳಲೇಬೇಕು, ಒತ್ತಿಗಾಗಿ ಕೆಳಗೂ ಇಳಿಯಬೇಕು. ಓರೆ ಮಾಡಿ ಬರೆದು ನೋಡಿದೆ, ತಲೆಕಟ್ಟುಗಳೆಲ್ಲ ಪಕ್ಕದ ಅಕ್ಷರದ ನೆತ್ತಿಗೆ ಕುಟ್ಟಿದವು. ಇಂಗ್ಲಿಷಿನಲ್ಲಿ ವೇಗ ಬರುವುದು ಕೂಡಿಸುವುದರಿಂದ, ನಮ್ಮಲ್ಲಿ ಬಿಡುವುದರಿಂದ. ಹಾಗಾಗಿ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂದು ಗೆರೆ ಎಳೆದುಕೊಂಡೆ. ತಲೆಕಟ್ಟನ್ನು ಅಕ್ಷರದ ಮೈಗೆ ಸೇರಿಸಿ ಒಂದೇ ಎಳೆತದಲ್ಲಿ ಬರೆಯಬಹುದು. ‘ರ’ದ ತಲೆಕಟ್ಟು, ಮಹಾಪ್ರಾಣದ ಸೀಳು, ‘ಥ’ದ ಚುಕ್ಕೆ, ಕೊಂಬಿನ ಇಳಿತ, ದೀರ್ಘ, ಇಷ್ಟನ್ನು ಯಾವ ಅವಸರದಲ್ಲೂ ಬಿಡುವಂತಿಲ್ಲ.

ಇನ್ನು ಮೇಜು. ಇದು ಬರಹಕ್ಕೆ ಸಂಬಂಧಿಸಿದ್ದೇ ಅಲ್ಲ ಅನ್ನಿಸಬಹುದು. ನನ್ನ ಮಟ್ಟಿಗೆ ಅರ್ಧ ತೊಂದರೆ ಇಲ್ಲೇ ಇತ್ತು. ಮೇಜಿನ ಮುಂಭಾಗವನ್ನೆಲ್ಲ ಕೀಬೋರ್ಡ್ ಮತ್ತು ಮೌಸ್ ಹಿಡಿದುಕೊಂಡಿರುತ್ತವೆ. ಕಾಗದಕ್ಕೆ ಸಿಗುವುದು ಎಡಬದಿಯ ಮೂಲೆ, ಇಲ್ಲವೇ ಕೀಬೋರ್ಡಿನ ಮುಂದಿನ ಒಂದು ಗೇಣು ಜಾಗ. ಅಲ್ಲಿ ಬರೆಯುವಾಗ ಮೊಳಕೈ ಗಾಳಿಯಲ್ಲಿ ನೇತಾಡುತ್ತದೆ, ಮುಂಗೈಗೆ ಊರುಗೋಲಿಲ್ಲ, ಭಾರವೆಲ್ಲ ಬೆರಳಿಗೆ ಬೀಳುತ್ತದೆ. ದುಂಡಕ್ಷರ ತಿರುಗಿಸುವ ಕೆಲಸ ಬೆರಳಿನದು, ಸಾಲಿನುದ್ದಕ್ಕೂ ಕೈಯನ್ನು ಸರಿಸಿಕೊಂಡು ಹೋಗುವುದು ಮುಂಗೈ ಕೆಲಸ. ಎರಡನ್ನೂ ಬೆರಳೇ ಮಾಡಹೊರಟರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಕ್ಷರ ಕಿರಿದಾಗಿ ಒಂದರ ಮೇಲೊಂದು ಬೀಳುತ್ತವೆ. ಈಗ ಬರೆಯುವ ಮುನ್ನ ಕೀಬೋರ್ಡನ್ನು ಪರದೆಯ ಕೆಳಗೆ ತಳ್ಳುತ್ತೇನೆ. ಕಾಗದವನ್ನು ಎದೆಯ ನೇರಕ್ಕೆ ಇಟ್ಟು, ಬಲಗೈಯವಳಾದ್ದರಿಂದ ಸ್ವಲ್ಪ ಎಡಕ್ಕೆ ವಾಲಿಸುತ್ತೇನೆ. ಮುಂಗೈ ಪೂರ್ತಿ ಮೇಜಿನ ಮೇಲೆ. ಅಕ್ಷರ ತಿದ್ದುವ ಮೊದಲೇ ಇಷ್ಟರಿಂದಲೇ ಸಾಲು ನೇರವಾಯಿತು.

ಪೆನ್ನು ಹಿಡಿಯುವ ಬಗೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಮೂರು ಬೆರಳಿನ ಹಿಡಿತವೊಂದೇ ಸರಿ ಎಂದು ಚಿಕ್ಕಂದಿನಲ್ಲಿ ಬೈದು ಕಲಿಸುತ್ತಿದ್ದರು. ನಾಲ್ಕು ಬೆರಳಿನಲ್ಲಿ ಹಿಡಿದು ಸ್ಪಷ್ಟವಾಗಿ, ವೇಗವಾಗಿ ಬರೆಯುವವರೂ ಬೇಕಾದಷ್ಟಿದ್ದಾರೆ. ನೋಡಬೇಕಾದದ್ದು ಬಿಗಿಯನ್ನು. ಹೆಬ್ಬೆರಳ ಉಗುರು ಬಿಳಿಚಿಕೊಂಡಿದ್ದರೆ ಒತ್ತುತ್ತಿದ್ದೀರಿ ಎಂದೇ ಅರ್ಥ.

ಒತ್ತುವ ಚಾಳಿಗೆ ಬಾಲ್‌ಪೆನ್ನಿನ ಪಾಲೂ ಇದೆ. ಹಂಗೇರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟ್ ಮಾಡಿಸಿದ ಆ ಪೆನ್ನಿನಲ್ಲಿ ಇರುವುದು ಎಣ್ಣೆಯಂಶದ ಮಂದ ಶಾಯಿ. ಬೇಗ ಒಣಗುತ್ತದೆ, ಸೋರುವುದಿಲ್ಲ. ಆದರೆ ತುದಿಯ ಗುಂಡು ಕಾಗದಕ್ಕೆ ಉಜ್ಜಿ ಉರುಳಿದರೇ ಶಾಯಿ ಇಳಿಯುವುದು, ಶಾಯಿ ಮಂದವಾದ್ದರಿಂದ ಒತ್ತಲೇಬೇಕು. ನೀರಿನಂಶದ ಶಾಯಿಯ ಜೆಲ್ ಪೆನ್ನು, ಇಂಕ್ ಪೆನ್ನುಗಳು ತಾಕಿದರೆ ಸಾಕು ಬರೆಯುತ್ತವೆ. ಇಂಕ್ ಪೆನ್ನಿನಲ್ಲಿ ಬರೆಯುವ ಸುಖವೇ ಬೇರೆ. ಆದರೆ ನನಗೆ ಬರುವ ತೆಳು ಕಾಗದದಲ್ಲಿ ಶಾಯಿ ಹರಡಿ, ‘ಥ’ದ ಚುಕ್ಕೆ ಅಕ್ಷರದ ಹೊಟ್ಟೆಯನ್ನೇ ತುಂಬಿಬಿಡುತ್ತಿತ್ತು. ಅಕ್ಷರದ ಮೈ 2.5 ಮಿ.ಮೀ. ಇದ್ದರೆ 1 ಮಿ.ಮೀ. ತುದಿಯ ಪೆನ್ನಿಗೆ ಅದರೊಳಗೆ ಚುಕ್ಕೆ ಇಡಲು, ಸೀಳು ಎಳೆಯಲು ಜಾಗವೆಲ್ಲಿದೆ? 0.5 ಮಿ.ಮೀ. ಜೆಲ್ ಪೆನ್ನಿಗೆ ನಿಂತೆ. ಬರಿಯ ಮೇಜಿನ ಮೇಲೆ ಒಂಟಿ ಹಾಳೆಯಿಟ್ಟು ಬರೆಯುವುದಿಲ್ಲ, ಕೆಳಗೆ ನಾಲ್ಕು ಹಾಳೆ ಹಾಕುತ್ತೇನೆ. ಗೆರೆಯ ಪುಸ್ತಕವಾದರೆ ಗೆರೆಗಳ ನಡುವೆ 8 ಮಿ.ಮೀ. ಆದರೂ ಬೇಕು. ಅಕ್ಷರದ ಮೈ ಅದರ ಮೂರನೇ ಒಂದು ಪಾಲಿಗಿಂತ ದೊಡ್ಡದಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ.

ಅಭ್ಯಾಸಕ್ಕೆ ಸುಭಾಷಿತ ಬರೆಯುವುದು ನನಗೆ ಒಗ್ಗಲಿಲ್ಲ. ನಿಧಾನವಾಗಿ ಬರೆದರೆ ಯಾರ ಅಕ್ಷರವೂ ಚೆನ್ನಾಗಿರುತ್ತದೆ, ಬೇಕಾದದ್ದು ಅವಸರದ ಅಕ್ಷರ. ರೇಡಿಯೊದಲ್ಲಿ ಯಾರಾದರೂ ಮಾತಾಡುವಾಗ ಕೇಳುತ್ತ ಮುಖ್ಯ ಮಾತುಗಳನ್ನು ಬರೆದುಕೊಂಡೆ. ಜೊತೆಗೆ ‘ಮರದ–ಮಂದ’, ‘ಪದ್ಯ–ಪಥ್ಯ’, ‘ನಾವು–ನಾಮ’ ಜೋಡಿಗಳನ್ನು ವೇಗವಾಗಿ, ಕಲಸುಮೇಲೋಗರ ಮಾಡಿ ಬರೆದು ಮನೆಯವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಬಿಡಿ ಪದಕ್ಕೆ ಸಂದರ್ಭದ ಆಸರೆಯಿಲ್ಲ, ಇದ್ದದ್ದನ್ನೇ ಓದಬೇಕು. ಅವರು ತಡವರಿಸಿದ ಕಡೆ ಮರುದಿನ ಗಮನ.

ಇದೆಲ್ಲ ಕೈಯಲ್ಲಿ ಉಳಿದದ್ದು ಅಭ್ಯಾಸದಿಂದ ಅಲ್ಲ, ಪೆನ್ನಿಗೆ ದಿನವೂ ಒಂದು ನಿಜವಾದ ಕೆಲಸ ಕೊಟ್ಟದ್ದರಿಂದ. ಯಾರೂ ಓದದ ಅಭ್ಯಾಸದ ಹಾಳೆಯಲ್ಲಿ ಅಕ್ಷರ ಸರಿಯಿದ್ದರೇನು, ಬಿಟ್ಟರೇನು. ಹುಡುಕಿ ತೆಗೆಯಬೇಕಾದದ್ದು, ಹಂಚಬೇಕಾದದ್ದು, ಪದೇ ಪದೇ ತಿದ್ದಬೇಕಾದದ್ದು ಎಲ್ಲ ಕಂಪ್ಯೂಟರಿಗೆ. ಸಭೆಯ ಟಿಪ್ಪಣಿ, ಫೋನಿನಲ್ಲಿ ಹೇಳಿದ ತಿದ್ದುಪಡಿ, ಮುನ್ನುಡಿಯಂಥ ಬರಹದ ಮೊದಲ ಕಚ್ಚಾ ರೂಪ ಪೆನ್ನಿಗೆ. ಸಂಜೆ ಇವುಗಳಲ್ಲಿ ಬೇಕಾದ್ದನ್ನು ನಾನೇ ಟೈಪ್ ಮಾಡುತ್ತೇನೆ. ಬೆಳಿಗ್ಗೆ ಕೆಟ್ಟದಾಗಿ ಬರೆದಿದ್ದರೆ ಸಂಜೆ ಶಿಕ್ಷೆ ನನಗೇ.

ಕೈಯಲ್ಲಿ ಬರೆದುಕೊಂಡರೆ ಹೆಚ್ಚು ನೆನಪಿರುತ್ತದೆ ಎನ್ನುವವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮುಲ್ಲರ್ ಮತ್ತು ಆಪನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೋರಿಸುತ್ತಾರೆ. ಲ್ಯಾಪ್‌ಟಾಪಿನವರು ಉಪನ್ಯಾಸವನ್ನು ಪದಕ್ಕೆ ಪದ ಇಳಿಸಿಕೊಂಡರು, ವಿಷಯ ಅರ್ಥವಾಗಿದೆಯೇ ಎಂದು ಕೇಳುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು ಎಂಬುದು ಅದರ ಸಾರ. ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿ 2019 ಮತ್ತು 2021ರಲ್ಲಿ ವರದಿ ಮಾಡಿದಾಗ ಅಂಕಗಳಲ್ಲಿ ಅಷ್ಟು ಖಚಿತವಾದ ಅಂತರ ಸಿಗಲಿಲ್ಲ. ಟೈಪ್ ಮಾಡುವವರು ಹೆಚ್ಚು ಪದ ಬರೆದುಕೊಳ್ಳುತ್ತಾರೆ ಎಂಬುದು ಮಾತ್ರ ಉಳಿಯಿತು. ನನ್ನ ಅನುಭವವೂ ಅಲ್ಲಿಗೇ ನಿಲ್ಲುತ್ತದೆ. ಪೆನ್ನು ಹಿಡಿದರೆ ಎಲ್ಲವನ್ನೂ ಬರೆಯಲಾಗದು, ಆರಿಸಲೇಬೇಕು. ಅದರಿಂದ ನನ್ನ ನೆನಪು ಬೆಳೆಯಿತೆಂದು ಹೇಳಲಾರೆ, ಟಿಪ್ಪಣಿ ಮಾತ್ರ ಚಿಕ್ಕದಾಯಿತು.

ಟ್ಯಾಬ್ಲೆಟ್ಟಿನ ಮೇಲೆ ಬರೆಯುವ ಪ್ರಯೋಗವೂ ಆಯಿತು. ಗಾಜಿನ ಮೇಲೆ ಪೆನ್ನಿನ ತುದಿ ಜಾರುತ್ತದೆ, ಸಣ್ಣ ಸೀಳು ಎಳೆಯಲು ಬೇಕಾದ ತಡೆ ಅಲ್ಲಿಲ್ಲ. ಒರಟು ಹಾಳೆ ಅಂಟಿಸಿದ ಮೇಲೆ ವಾಸಿ, ಆದರೂ ಅಲ್ಲಿ ನನ್ನ ಅಕ್ಷರ ಕಾಗದದ್ದಕ್ಕಿಂತ ದೊಡ್ಡದಾಗಿಯೇ ಬರುತ್ತದೆ. ಹೆಚ್ಚು ಉಪಯೋಗಕ್ಕೆ ಬಂದದ್ದು ಫೋನಿನಲ್ಲಿ ಬೆರಳಿನಿಂದ ಬರೆದ ಕನ್ನಡವನ್ನು ಟೈಪಿಗೆ ತಿರುಗಿಸುವ ಸೌಲಭ್ಯ. ವಾಕ್ಯ ಕೊಟ್ಟರೆ ಅದು ಊಹಿಸಿ ಸರಿ ಮಾಡಿಬಿಡುತ್ತದೆ. ಬಿಡಿ ಪದ ಕೊಟ್ಟಾಗ ನನ್ನ ‘ವು’ವನ್ನು ‘ಮ’ ಎಂದು ಓದಿದರೆ ಕೊಂಬು ಮತ್ತೆ ಸೋಮಾರಿಯಾಗಿದೆ ಎಂದು ತಿಳಿಯುತ್ತದೆ, ಮನೆಯವರಿಗೂ ಬಿಡುವು.

ನಿಂತುಕೊಂಡು ಬರೆದದ್ದು, ತೊಡೆಯ ಮೇಲಿಟ್ಟು ಬರೆದದ್ದು, ಹೋಗುತ್ತಿರುವ ಬಸ್ಸಿನಲ್ಲಿ ಬರೆದದ್ದು ಈಗಲೂ ಓದಲು ಬರುವುದಿಲ್ಲ. ಮುಂಗೈ ಊರಲು ಜಾಗವಿಲ್ಲದ ಕಡೆ ಪೆನ್ನು ತೆಗೆಯುವುದನ್ನೇ ಬಿಟ್ಟಿದ್ದೇನೆ. ಅಲ್ಲಿ ಫೋನಿನಲ್ಲೇ ಟೈಪ್ ಮಾಡುತ್ತೇನೆ.